ಒಡೆತನವೋ, ಪಾಲನೆಯೋ?

ಇಂಗ್ಲೆಂಡಿನಲ್ಲಿ 2016ರ ಏಪ್ರಿಲ್ 6ರಿಂದ ನಾಯಿಗಳಿಗೂ 2024ರ ಜೂನ್ 10ರಿಂದ ಸಾಕುಬೆಕ್ಕುಗಳಿಗೂ ಮೈಕ್ರೊಚಿಪ್ ಅಳವಡಿಸಿ ನೋಂದಾಯಿಸುವುದು ಕಡ್ಡಾಯವಾಗಿದೆ. ನಾಯಿಮರಿಗೆ 8 ವಾರ, ಬೆಕ್ಕಿನ ಮರಿಗೆ 20 ವಾರ ತುಂಬುವುದರೊಳಗೆ ಈ ಕಾರ್ಯ ಮುಗಿಯಬೇಕು. ತಪ್ಪಿದವರಿಗೆ 21 ದಿನಗಳ ಗಡುವು. ಅದನ್ನೂ ಮೀರಿದರೆ 500 ಪೌಂಡುಗಳವರೆಗೆ ದಂಡ. ಆ ನಾಡಿನಲ್ಲಿ ನೆಲಸಿರುವ ಜೈನ ಕುಟುಂಬಗಳಿಗೂ ಅನ್ವಯಿಸುವ ಈ ನಿಯಮವನ್ನು ಅಹಿಂಸೆ ಮತ್ತು ಅಪರಿಗ್ರಹಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತ.

ಚಿಪ್ಪು ಅಕ್ಕಿಕಾಳಿನಷ್ಟು ಗಾತ್ರದ್ದು. ಸೂಜಿಯ ಮೂಲಕ ಅದನ್ನು ಪ್ರಾಣಿಯ ಹೆಗಲುಗಳ ನಡುವೆ ಚರ್ಮದಡಿ ಸೇರಿಸುತ್ತಾರೆ. ಅದರಲ್ಲಿರುವುದು 15 ಅಂಕಿಗಳ ಒಂದು ಸಂಖ್ಯೆ ಮಾತ್ರ. ಓದುವ ಯಂತ್ರವನ್ನು ಸಮೀಪಕ್ಕೆ ತಂದಾಗಲಷ್ಟೇ ಆ ಸಂಖ್ಯೆ ಕಾಣುವುದು; ತಪ್ಪಿಸಿಕೊಂಡ ಪ್ರಾಣಿ ಎಲ್ಲಿದೆಯೆಂದು ಅದು ಹೇಳಲಾರದು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧಗಳೆಂಬ ಐದು ಅತಿಚಾರಗಳನ್ನು ಹೇಳಿದೆ. ಚರ್ಮವನ್ನು ಚುಚ್ಚುವುದು ಛೇದವಲ್ಲವೇ ಎಂಬ ಆಕ್ಷೇಪ ಸಹಜ. ಆದರೆ ಅದೇ ಗ್ರಂಥವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮತ್ತಯೋಗವನ್ನು ಮುಂದಿಟ್ಟಿದೆ. ದಾರಿ ತಪ್ಪಿದ ಜೀವವನ್ನು ಮನೆಗೆ ಮರಳಿಸಲೆಂದು ಎಚ್ಚರದಿಂದ ಮಾಡಿದ ಕ್ಷಣಕಾಲದ ನೋವನ್ನು ಕಷಾಯವಶನಾಗಿ ಮಾಡಿದ ಛೇದದೊಡನೆ ಸಮಗಟ್ಟಲಾಗದು. ಆದುದರಿಂದ ಪರೀಕ್ಷೆಗೆ ಒಳಪಡಬೇಕಾದುದು ಸೂಜಿಯಲ್ಲ, ಅದನ್ನು ಹಾಕಿಸುವವನ ಭಾವ.

ಈ ವಿಷಯದಲ್ಲಿ ನಿಯಮದ ಪರಿಭಾಷೆಯೇ ಗಮನಾರ್ಹ. ಅದು ಹೊಣೆ ಹೊರಿಸುವುದು ಪಾಲಕನ ಮೇಲೆ, ಎಂದರೆ ಪ್ರಾಣಿಯು ಸಾಮಾನ್ಯವಾಗಿ ಯಾರೊಡನೆ ವಾಸಿಸುವುದೋ ಅವರ ಮೇಲೆ. ನೋಂದಣಿಯು ಒಡೆತನಕ್ಕೆ ಪ್ರಮಾಣವೂ ಅಲ್ಲ. ಜನರಾದರೋ ಚಿಪ್ಪನ್ನು 'ಇದು ನನ್ನದು' ಎಂಬುದರ ಮುದ್ರೆಯೆಂದೇ ಭಾವಿಸುತ್ತಾರೆ. ಮಮತ್ವವೇ ಪರಿಗ್ರಹವೆಂದು ತಿಳಿದ ಶ್ರಾವಕನು ಅದನ್ನು 'ಇದಕ್ಕೆ ನಾನು ಹೊಣೆ' ಎಂಬ ಒಪ್ಪಿಗೆಯೆಂದು ಓದಬೇಕು. ಆಗ ಅಂಕಿತವಾಗುವುದು ಪ್ರಾಣಿಯಲ್ಲ, ಪಾಲಕ.

ನಿಯಮದ ಕೊರತೆಯೂ ಇಲ್ಲಿಯೇ ಇದೆ. ಅಲ್ಲಿ ನೋಂದಣಿಯ ದಾಖಲೆಗಳು ಹಲವು ಸಂಸ್ಥೆಗಳಲ್ಲಿ ಹಂಚಿಹೋಗಿವೆ. ಮನೆ ಬದಲಿಸಿದವನು ಹೊಸ ವಿಳಾಸವನ್ನು ತಿಳಿಸದಿದ್ದರೆ ಚರ್ಮದಡಿಯ ಸಂಖ್ಯೆ ಮೂಕವಾಗುತ್ತದೆ. ಪ್ರಾಣಿ ಅನುಭವಿಸಿದ ನೋವು ನಿಷ್ಫಲವಾಗುತ್ತದೆ. ಪ್ರಮಾದವೆಂದರೆ ಇದೇ. ಚಿಪ್ಪು ಹಾಕಿಸಿದ ದಿನ ಕರ್ತವ್ಯ ಮುಗಿಯಿತೆಂದುಕೊಳ್ಳುವವನನ್ನು ದಂಡವು ತಿದ್ದಲಾರದು.

ನಮ್ಮ ಟ್ರಸ್ಟುಗಳಿಗೂ ಈ ಮಾತು ಸಲ್ಲುತ್ತದೆ. ಭಾರತದಲ್ಲಿ ಹಸು ಎಮ್ಮೆಗಳ ಕಿವಿಗೆ 12 ಅಂಕಿಗಳ ಓಲೆ ಹಾಕುವ ಕ್ರಮವಿದೆ. ಗೋಶಾಲೆಯ ದಾಖಲೆ ಪುಸ್ತಕದಲ್ಲಿ ಆ ಸಂಖ್ಯೆಯ ಎದುರಿಗೆ ಮೇವು, ಚಿಕಿತ್ಸೆ, ಆರೈಕೆ ಮಾಡುವವರ ಹೆಸರು ಇವುಗಳನ್ನೂ ಬರೆದಿರಬೇಕು. ಸಂಖ್ಯೆಯ ಹಿಂದೆ ಕರುಣೆಯ ನಿತ್ಯಾಚರಣೆ ಇದ್ದರೆ ಅದು ರಕ್ಷೆ. ಇಲ್ಲವಾದರೆ ಬರಿಯ ಗಾಯ.