ಬುದ್ಧಿ ಹೇಳದ ಗುರು

ಮನಸ್ಸಿನ ನೋವು ಮರೆಯುವುದು ಹೇಗೆಂದು ಕಲಿಸುವ ಪುಸ್ತಕಗಳು ಈಗ ಬಸ್‌ಸ್ಟ್ಯಾಂಡಿನ ಅಂಗಡಿಗಳಲ್ಲೂ ರಾಶಿ ಬಿದ್ದಿವೆ. ನಿನ್ನನ್ನು ನೀನು ಒಪ್ಪಿಕೋ ಎಂಬ ಒಂದು ಮಾತನ್ನೇ ಇನ್ನೂರು ಪುಟಕ್ಕೆ ಎಳೆದವೇ ಹೆಚ್ಚು. ಅದರ ಬದಲು ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೊಮ್ಮೆ ಓದಿ ನೋಡಿ ಎನ್ನುತ್ತೇನೆ. ಹಾರುವ ಓತಿಯ ಕಥೆಯೆಂದೇ ಎಲ್ಲರೂ ನೆನಪಿಟ್ಟುಕೊಂಡಿರುವ ಈ ಕಾದಂಬರಿಯಲ್ಲಿ, ಸೋತು ಕೂತ ಇಬ್ಬರು ಎದ್ದು ನಿಲ್ಲುವ ಕಥೆಯೂ ಇದೆ.

ಒಬ್ಬ ನಿರೂಪಕ. ಓದಿಕೊಂಡವನು, ಬೇಸಾಯಕ್ಕಿಳಿದು ಕೈಸುಟ್ಟುಕೊಂಡು, ಜಮೀನು ಮಾರಿ ಹೊರಟುಬಿಡುವ ಯೋಚನೆಯಲ್ಲಿರುವವನು. ಮೈಸೂರಿನಲ್ಲಿ ಎಂ.ಎ. ಮಾಡಿ, ನೌಕರಿ ಬೇಡವೆಂದು ಮೂಡಿಗೆರೆಯಲ್ಲಿ ಕಾಫಿ ಬೆಳೆದ ತೇಜಸ್ವಿಯವರಿಗೆ ಈ ಹತಾಶೆ ಗೊತ್ತಿಲ್ಲದ್ದೇನೂ ಆಗಿರಲಾರದು. ಇನ್ನೊಬ್ಬ ಮಂದಣ್ಣ. ಊರವರ ಲೆಕ್ಕದಲ್ಲಿ ದಡ್ಡ, ಉಂಡಾಡಿ. ಒಂದು ಜವಾನನ ಕೆಲಸ ಸಿಕ್ಕಿ ಮದುವೆಯಾದರೆ ಸಾಕೆನ್ನುವವನು. ಸಾಲದ್ದಕ್ಕೆ ಕಳ್ಳಭಟ್ಟಿ ಕೇಸು ಬೇರೆ.

ಮೂಡಿಗೆರೆಯ ವಿಜ್ಞಾನಿ ಕರ್ವಾಲೊ ಇವರಿಗೆ ಧೈರ್ಯ ಹೇಳಲು ಕೂರುವುದಿಲ್ಲ. ಜೇನಿನ ಜಾಡು ಹಿಡಿದು ಅಲೆಯುವುದು, ಹುಳವೊಂದು ಕಂಡರೆ ಕೆಲಸ ಮರೆತು ನೋಡುತ್ತ ನಿಲ್ಲುವುದು, ಹೀಗೆ ಮಂದಣ್ಣನಲ್ಲಿ ಊರು ಸೋಮಾರಿತನವೆಂದು ತಳ್ಳಿದ್ದನ್ನೇ ಕರ್ವಾಲೊ ವಿದ್ಯೆಯೆಂದು ಗುರುತಿಸುತ್ತಾರೆ. ಮುಖ್ಯವಾದದ್ದೆಂದರೆ, ಇದರಲ್ಲಿ ಮರುಕದ ಸೋಂಕಿಲ್ಲ. ಆ ಹಾರುವ ಓತಿಯನ್ನು ಕಾಡಿನಲ್ಲಿ ಕಂಡವನು ಮಂದಣ್ಣ; ಅವನಿಲ್ಲದಿದ್ದರೆ ಅದರ ಹುಡುಕಾಟವೇ ಇಲ್ಲ. ಅಷ್ಟು ದೊಡ್ಡ ವಿಜ್ಞಾನಿ ತನ್ನನ್ನು ನಂಬಿಕೊಂಡು ಕಾಡಿಗೆ ಹೊರಟಿದ್ದಾರೆಂಬುದೇ ಅವನಿಗೆ ಬೇಕಾದ ಮದ್ದು. ಕೇಸಿನ ಪೇಚಿಗೆ ಸಿಕ್ಕಾಗಲೂ ಅವರು ಅವನ ಕೈಬಿಡುವುದಿಲ್ಲ.

ನಿರೂಪಕನ ಗಾಯ ಅಷ್ಟು ಸುಲಭಕ್ಕೆ ಮಾಯುವಂಥದ್ದಲ್ಲ. ಓದಿದವನ ಗತ್ತು ಅಡ್ಡ ಬರುತ್ತದೆ. ಮಂದಣ್ಣನಲ್ಲಿ ಅಂಥದ್ದೇನಿದೆ ಎಂಬ ಗುಮಾನಿ ಬಹಳ ಕಾಲ ಹೋಗುವುದಿಲ್ಲ. ನಿರೂಪಕನ ಜಮೀನಿನ ತಾಪತ್ರಯಗಳನ್ನು ತೇಜಸ್ವಿ ಪವಾಡ ಮಾಡಿ ಬಗೆಹರಿಸುವುದೂ ಇಲ್ಲ. ಕೋಟ್ಯಂತರ ವರ್ಷಗಳ ಜೀವವಿಕಾಸದ ಪಕ್ಕದಲ್ಲಿಟ್ಟಾಗ ತನ್ನ ಸೋಲು ಎಷ್ಟು ದೊಡ್ಡದೆಂಬ ಅವನ ಅಂದಾಜು ಮಾತ್ರ ಬದಲಾಗುತ್ತದೆ. ಕೊನೆಗೆ, ಹುಡುಕಾಟ ನಡೆದ ನಾರ್ವೆ ಎಂಬಲ್ಲಿನ ಕಾಡಿನಲ್ಲಿ ಓತಿ ಕೈಗೆ ಸಿಗದೆ ಪ್ರಪಾತಕ್ಕೆ ತೇಲಿಹೋದಾಗ ಯಾರೂ ಕಂಗೆಡುವುದಿಲ್ಲವೆಂಬುದನ್ನು ಗಮನಿಸಿ. ಗೆಲ್ಲಲೇಬೇಕೆಂಬ ಹಟ ಅಷ್ಟರಲ್ಲಿ ಸಡಿಲಾಗಿರುತ್ತದೆ.

ಆದರೆ ಕಾದಂಬರಿಯ ಕೊರತೆಯೂ ಇಲ್ಲೇ ಇದೆ. ಮಂದಣ್ಣನನ್ನು ನಾವು ನೋಡುವುದೆಲ್ಲ ನಿರೂಪಕನ ಕಣ್ಣಿನಿಂದ, ಅದೂ ಬಹುಪಾಲು ನಗುತ್ತ. ದಡ್ಡನೆನ್ನಿಸಿಕೊಂಡಾಗ ಅವನ ಹೊಟ್ಟೆಯೊಳಗೆ ಏನಾಯಿತೆಂಬುದಕ್ಕೆ ಜಾಗವೇ ಸಿಕ್ಕಿಲ್ಲ. ಅವನು ಕೈಹಿಡಿಯುವ ಹುಡುಗಿಯಂತೂ ಹೆಸರಿಗಷ್ಟೇ ಬಂದುಹೋಗುತ್ತಾಳೆ. ಹಾಸ್ಯ ತೇಜಸ್ವಿಯವರ ದೊಡ್ಡ ಶಕ್ತಿ, ನಿಜ. ಇಲ್ಲಿ ಅದು ಒಂದು ನೋವನ್ನು ಮುಚ್ಚಿಯೂ ಬಿಟ್ಟಿದೆ.

ಇಷ್ಟಾದರೂ, ಒಬ್ಬನನ್ನು ಕೈಹಿಡಿದು ಮೇಲೆತ್ತುವುದೆಂದರೆ ಏನೆಂದು ಇದಕ್ಕಿಂತ ಚೆನ್ನಾಗಿ ತೋರಿಸಿದ ಕನ್ನಡ ಕಾದಂಬರಿ ನನಗೆ ಬೇರೆ ಕಂಡಿಲ್ಲ. ಹಿಂದಿನ ಬೆಂಚಿನ ಹುಡುಗರನ್ನು ದಿನಾ ಬೈಯುವ ಮೇಷ್ಟರುಗಳು ಇದನ್ನು ಮೊದಲು ಓದಲಿ.