ಒಡೆತನ, ಸ್ಪರ್ಧೆ ಮತ್ತು ಶಿಡ್ಲಘಟ್ಟದ ರೇಷ್ಮೆಗೂಡು

ಸರ್ಕಾರದ ಸ್ವತ್ತು ಖಾಸಗಿಯವರ ಕೈಸೇರಿದೊಡನೆ ಉದ್ಯಮವು ದಕ್ಷವಾಗುತ್ತದೆಂಬ ವಾದವು 1991ರ ಆರ್ಥಿಕ ಸುಧಾರಣೆಯ ಅನಂತರ ನಮ್ಮಲ್ಲಿ ಹೆಚ್ಚುಕಡಿಮೆ ಸಿದ್ಧಾಂತದ ಪದವಿಯನ್ನೇ ಪಡೆದಿದೆ. ವ್ಯಾಪಾರವೇ ವೃತ್ತಿಯಾಗಿರುವ ಶ್ರಾವಕ ಕುಟುಂಬಗಳಿಗೆ ಇದು ಹಿತವಾದ ಮಾತು. ಆದರೆ ಪರಿಶೀಲನೆಗೆ ಅದು ಪೂರ್ಣವಾಗಿ ನಿಲ್ಲದು.

ರಷ್ಯಾದಲ್ಲಿ 1992ರಿಂದ ಕಾರ್ಖಾನೆಗಳ ಒಡೆತನವನ್ನು ಚೀಟಿಗಳ ಮೂಲಕ ಪ್ರಜೆಗಳಿಗೆ ಹಂಚಲಾಯಿತು. 1995ರಲ್ಲಿ ತೈಲ ಮತ್ತು ಲೋಹದ ದೊಡ್ಡ ಸಂಸ್ಥೆಗಳು ಸಾಲದ ಒತ್ತೆಯ ಹೆಸರಿನಲ್ಲಿ ಕೆಲವೇ ಧನಿಕರ ವಶವಾದವು. ಒಡೆಯರೇನೋ ಬದಲಾದರು, ಅವರನ್ನು ಎಚ್ಚರದಲ್ಲಿಡಬಲ್ಲ ಪ್ರತಿಸ್ಪರ್ಧಿಗಳು ಹುಟ್ಟಲಿಲ್ಲ.

ಇದನ್ನು ತಿಳಿಯಲು ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಚಿಂತಾಮಣಿ, ಚಿಕ್ಕಬಳ್ಳಾಪುರಗಳ ಸುತ್ತಣ ಹಿಪ್ಪುನೇರಳೆ ತೋಟಗಳು ರೈತರವು. ಶಿಡ್ಲಘಟ್ಟದಲ್ಲಿ ಗೂಡಿನಿಂದ ನೂಲು ಬಿಚ್ಚುವವರು ಬಹುಪಾಲು ಸಣ್ಣ ಬಂಡವಾಳದ ಖಾಸಗಿ ಕುಟುಂಬಗಳು. ಇವರಿಬ್ಬರೂ ಸಂಧಿಸುವ ಗೂಡಿನ ಮಾರುಕಟ್ಟೆ ಮಾತ್ರ ಸರ್ಕಾರದ್ದು. 1959ರ ಕಾಯಿದೆಯ ಆಶ್ರಯದಲ್ಲಿ ನಡೆಯುವ ಈ ವ್ಯವಸ್ಥೆಯಲ್ಲಿ ರೈತನ ಒಂದು ಲಾಟಿಗೆ ಹಲವರು ಹರಾಜಿನಲ್ಲಿ ಬೆಲೆ ಕಟ್ಟುತ್ತಾರೆ, ತೂಕ ಸರ್ಕಾರದ ತಕ್ಕಡಿಯಲ್ಲಾಗುತ್ತದೆ. ಇಲ್ಲಿ ಸ್ಪರ್ಧೆಯನ್ನು ಕಾಪಾಡುತ್ತಿರುವುದು ಸಾರ್ವಜನಿಕ ಒಡೆತನವೇ ಎಂಬುದು ಖಾಸಗೀಕರಣವಾದಿಗಳು ಗಮನಿಸಬೇಕಾದ ಸಂಗತಿ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೀನಾಧಿಕ ಮಾನೋನ್ಮಾನವನ್ನು, ಎಂದರೆ ಅಳತೆ ತೂಕಗಳ ಮೋಸವನ್ನು, ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ತಕ್ಕಡಿ ಕೊಳ್ಳುವವನ ಕೈಯಲ್ಲೇ ಉಳಿದರೆ ಸ್ಪರ್ಧೆಯ ಮಾತಿಗೆ ಅರ್ಥವೇನು?

ಹಾಗೆಂದು ಸ್ಪರ್ಧೆಯೆಲ್ಲವೂ ಒಂದೇ ಬಗೆಯದಲ್ಲ. 2011ರಲ್ಲಿ ಕೇಂದ್ರ ಸರ್ಕಾರವು ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡ 30ರಿಂದ 5ಕ್ಕೆ ಇಳಿಸಿತು. ಅಗ್ಗದ ಚೀನೀ ನೂಲಿನ ಎದುರು ಗೂಡಿನ ಬೆಲೆ ಕುಸಿದು ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಶೇಕಡ 15ಕ್ಕೆ ಏರಿಸಲಾಯಿತು. ಈ ನಡುವೆ ನೇಕಾರನಿಗೆ ನೂಲು ಅಗ್ಗವಾದುದು ನಿಜ. ಆದರೆ ತೋಟಕ್ಕೂ ಹುಳುಮನೆಗೂ ಸಾಲ ತೆತ್ತವನ ನಷ್ಟವನ್ನು ದಕ್ಷತೆಯ ಲೆಕ್ಕ ಬರೆಯುವವರು ಎಲ್ಲಿಯೂ ನಮೂದಿಸುವುದಿಲ್ಲ. ಇತ್ತ 1912ರಲ್ಲಿ ಮೈಸೂರು ಮಹಾರಾಜರ ಕಾಲದಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯು ಇಂದಿಗೂ ಸರ್ಕಾರದ್ದಾಗಿಯೇ ಇದ್ದು ಲಾಭ ಗಳಿಸುತ್ತಿದೆ. ಅದು ಒಡೆತನದ ಗುಣವೋ, 'ಮೈಸೂರು ರೇಷ್ಮೆ' ಎಂಬ ಹೆಸರಿನ ಬಲವೋ ಎಂಬುದು ಚರ್ಚಾಸ್ಪದ.

ಈ ಎಲ್ಲ ಪಕ್ಷಗಳೂ ಬಿಟ್ಟಿರುವ ಒಂದು ಲೆಕ್ಕ ನಮ್ಮದು. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ಎಂದರೆ ಸಾವಿರಾರು ಜೀವಗಳು ಬಿಸಿನೀರಿಗೆ. ಒಡೆಯನು ಸರ್ಕಾರವಾದರೂ ಖಾಸಗಿಯಾದರೂ ಈ ಸಂಖ್ಯೆ ಬದಲಾಗದು. ಪತಂಗವು ಹೊರಬಂದ ಮೇಲೆ ಉಳಿದ ಗೂಡಿನ ಎಳೆ ತುಂಡಾಗಿರುವುದರಿಂದ ಅದನ್ನು ಬಿಚ್ಚಲಾಗದು, ಹತ್ತಿಯಂತೆ ನೂಲಬೇಕು. ವಸ್ತ್ರ ಒರಟು, ಬೆಲೆ ಹೆಚ್ಚು. ಆ ಹೆಚ್ಚಿನ ಬೆಲೆಯನ್ನು ತೆರಲು ಕೊಳ್ಳುವವರು ಮುಂದೆ ಬಂದರೆ ಮಾತ್ರ ಅಂಥ ನೂಲಿಗೂ ಪೇಟೆಯಲ್ಲಿ ಸ್ಪರ್ಧಿಸುವ ಶಕ್ತಿ ಬಂದೀತು. ಪೂಜಾವಸ್ತ್ರಗಳನ್ನು ಪ್ರತಿವರ್ಷ ಕೊಳ್ಳುವ ಬಸದಿಗಳ ಟ್ರಸ್ಟುಗಳು ಯಾವ ರೇಷ್ಮೆಯನ್ನು ಕೊಳ್ಳುತ್ತಿವೆ, ಅಥವಾ ರೇಷ್ಮೆಯನ್ನೇ ಏಕೆ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ತಮ್ಮ ಮುಂದಿನ ಸಭೆಯಲ್ಲಿ ಎತ್ತಿಕೊಳ್ಳಬಹುದು.