ಅಜ್ಜನಲ್ಲ, ದಾಯಾದಿ

ಬೆತ್ ಶಪಿರೊ ಅವರ ‘ಹೌ ಟು ಕ್ಲೋನ್ ಎ ಮ್ಯಾಮತ್’ (೨೦೧೫) ಎಂಬ ಗ್ರಂಥದ ಹೆಸರಿಗೂ ತಿರುಳಿಗೂ ಹೊಂದಿಕೆಯಿಲ್ಲ. ಅಳಿದುಹೋದ ಮ್ಯಾಮತ್ತಿನ ತದ್ರೂಪಿಯನ್ನು ಮಾಡುವುದು ಹೇಗೆಂದು ಹೆಸರು ಹೇಳುತ್ತದೆ. ಒಳಗಿನ ಪುಟಗಳು ಅದು ಆಗದ ಮಾತೆನ್ನುತ್ತವೆ. ತದ್ರೂಪಿಗೆ ಜೀವಂತ ಕೋಶ ಬೇಕು; ಸೈಬೀರಿಯದ ಹಿಮದಲ್ಲಿ ಹುದುಗಿದ ಹೆಣಗಳಲ್ಲಿ ಸಿಗುವುದು ಚೂರುಚೂರಾದ ಡಿ.ಎನ್.ಎ. ಮಾತ್ರ. ಅಡಿಗೆಯ ಪುಸ್ತಕದಂತೆ ಹಂತಹಂತವಾಗಿ ಹೊರಟು, ಒಲೆಯೇ ಹತ್ತದೆಂದು ತಿಳಿಸುವ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಮ್ಯಾಮತ್ ಎಂದರೆ ಆನೆಯ ಅಜ್ಜ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ತರಗತಿಯಲ್ಲಿ ನಾನೂ ಹಾಗೆ ಹೇಳಿದ್ದುಂಟು. ಅದು ತಪ್ಪು. ಮ್ಯಾಮತ್ ಅಜ್ಜನಲ್ಲ, ದಾಯಾದಿ. ಮೊದಲು ಆಫ್ರಿಕದ ಆನೆಯ ಕವಲು ಬೇರೆಯಾಯಿತು. ಆಮೇಲೆ, ಸುಮಾರು ೬೦ ಲಕ್ಷ ವರ್ಷಗಳ ಹಿಂದೆ, ಏಷ್ಯದ ಆನೆಯೂ ಮ್ಯಾಮತ್ತೂ ಒಂದೇ ಮನೆಯಿಂದ ಪಾಲಾಗಿ ಹೋದವು. ತಾಯಿಯ ಕಡೆಯಿಂದಷ್ಟೇ ಬರುವ ಡಿ.ಎನ್.ಎ.ಯನ್ನು ೨೦೦೬ರಲ್ಲಿ ಪೂರ್ತಿ ಓದಿದಾಗ ಈ ನೆಂಟಸ್ತಿಕೆಗೆ ಬಲವಾದ ಸಾಕ್ಷಿ ದೊರೆಯಿತು. ಅಂದರೆ, ನಮ್ಮ ಬಂಡೀಪುರದ ಆನೆಗೆ ಹತ್ತಿರದ ಬಳಗ ಇಂದು ಬದುಕಿರುವ ಆಫ್ರಿಕದ ಆನೆಯಲ್ಲ. ಆರ್ಕ್‌ಟಿಕ್ಕಿನ ರ‍್ಯಾಂಗಲ್ ದ್ವೀಪದಲ್ಲಿ ಸುಮಾರು ೪,೦೦೦ ವರ್ಷಗಳ ಹಿಂದೆ ಕೊನೆಯುಸಿರೆಳೆದ ಆ ರೋಮದ ಪ್ರಾಣಿ!

ಆದರೆ ಹತ್ತಿರವೆಂದರೆ ಒಂದೇ ಎಂದಲ್ಲ. ಮ್ಯಾಮತ್ತಿಗೇ ವಿಶಿಷ್ಟವಾದ ಸುಮಾರು ೧೪ ಲಕ್ಷ ವ್ಯತ್ಯಾಸಗಳನ್ನು ೨೦೧೫ರ ಒಂದು ಅಧ್ಯಯನ ಗುರುತಿಸಿತು. ಒಂದನ್ನು ನೋಡಿ: ಅದರ ಹಿಮೋಗ್ಲೋಬಿನ್ನನ್ನು ವಿಜ್ಞಾನಿಗಳು ಬ್ಯಾಕ್ಟೀರಿಯಗಳಲ್ಲಿ ಮರಳಿ ತಯಾರಿಸಿ ೨೦೧೦ರಲ್ಲಿ ವರದಿ ಮಾಡಿದರು. ಆನೆಯ ಹಿಮೋಗ್ಲೋಬಿನ್ ಚಳಿಯಲ್ಲಿ ಆಮ್ಲಜನಕವನ್ನು ಬಿಗಿಹಿಡಿದರೆ, ಇದು ಸುಲಭವಾಗಿ ಬಿಟ್ಟುಕೊಡುತ್ತದೆ. ನೀಳರೋಮ, ಕಿರುಗಿವಿಗಳಷ್ಟೇ ಕಾಣುವ ನಮ್ಮ ಚಿತ್ರಗಳಲ್ಲಿ ಈ ನೆತ್ತರಿನ ಭೇದ ಎಲ್ಲಿದೆ?

ಆನೆಯ ಕೋಶದಲ್ಲಿ ಇಂಥ ಕೆಲವನ್ನು ತಿದ್ದಿದರೆ ಹುಟ್ಟುವುದು ತಿದ್ದಿದ ಆನೆಯೇ. ಲೇಖಕಿಯ ನಿಲುವೂ ಬಹುಮಟ್ಟಿಗೆ ಇದೇ. ಆದರೂ ೨೦೨೪ರಲ್ಲಿ ಅವರು ಮ್ಯಾಮತ್ತನ್ನು ಮರಳಿ ತರುವೆವೆಂದು ಸಾರುವ ಅಮೆರಿಕದ ಕೊಲಾಸಲ್ ಸಂಸ್ಥೆಗೆ ಮುಖ್ಯ ವಿಜ್ಞಾನಿಯಾಗಿ ಸೇರಿದರು. ಒಳಪುಟಗಳು ಸೋತು ಹೊದಿಕೆಯ ಹೆಸರು ಗೆದ್ದಿತೆಂದು ಓದುಗನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ೨೦೨೫ರ ಮಾರ್ಚಿಯಲ್ಲಿ ಆ ಸಂಸ್ಥೆ ನೀಳರೋಮದ ಇಲಿಗಳನ್ನು ತೋರಿಸಿತು. ಅವನ್ನು ಪುಣ್ಯಕ್ಕೆ ಯಾರೂ ಮ್ಯಾಮತ್ ಎನ್ನಲಿಲ್ಲ.

ಬಾಡಿಗೆ ಬಸಿರಿನ ಪ್ರಶ್ನೆಯಿರುವ ಭಾಗವೇ ಈ ಗ್ರಂಥದಲ್ಲಿ ನನಗೆ ಹೆಚ್ಚು ಹಿಡಿಸಿದ್ದು. ಆನೆಯ ಬಸಿರು ಸುಮಾರು ೨೨ ತಿಂಗಳು; ಸೆರೆಯಲ್ಲಿ ಆನೆ ಮರಿ ಹಾಕುವುದೇ ಕಷ್ಟ; ಏಷ್ಯದ ಆನೆಯೋ ತಾನೇ ಅಳಿವಿನಂಚಿನಲ್ಲಿದೆ. ಇದನ್ನೆಲ್ಲ ಬಲ್ಲ ಲೇಖಕಿ, ಹೊಸ ಹುದ್ದೆಯಲ್ಲಿ ಕುಳಿತು ತಮ್ಮ ಆ ಪುಟಗಳನ್ನು ಇನ್ನೊಮ್ಮೆ ಓದಿಕೊಂಡಾರೆಂದು ಆಶಿಸುತ್ತೇನೆ.